ಮೇಷ್ಟ್ರ ಖಾಲಿ ಸಮುದ್ರ

"ಹೊಟ್ಟೆಕಿಚ್ಚು ಅನ್ನೋ ಪದಾರ್ಥ ಈ ಮೈಯಲ್ಲಿ ಎಲ್ಲೂ ಇಲ್ಲ. ಬೇಕಾದ್ರೆ ತಲೆಯಿಂದ ಕಾಲಿನವರೆಗೆ ಹುಡುಕಿ ನೋಡು!"

ಡ್ರೈವಿಂಗ್ ಶಾಲೆಯ ಮೇಷ್ಟ್ರು ಈ ಘೋಷಣೆ ಹೊರಡಿಸಿದ್ದು ಕಿಟಕಿಯ ಸರಳಿಗೆ ಮೂಗು ಒತ್ತಿಕೊಂಡು. ಹೊರಗೆ ನಿಂತಿದ್ದ ಷಡ್ಡಕನ ಹೊಸ ಕಾರು ನಿಜವಾಗಿಯೂ ಅಷ್ಟು ನೀಲಿಯೋ, ಇಲ್ಲಾ ಬಿಸಿಲಿಗೆ ಹಾಗೆ ಕಾಣುತ್ತಿದೆಯೋ ಎಂಬ ಸಂಶೋಧನೆಯಲ್ಲಿ ಅವರು ಮುಳುಗಿದ್ದರು. ಕಂಬಿಯ ಗುರುತು ಮೂಗಿನ ಮೇಲೆ ಸಂಜೆಯವರೆಗೂ ಉಳಿಯಿತು.

"ಹುಡುಕೋದು ಯಾಕೆ? ಕಿವಿಯಿಂದ ಹೊಗೆ ಬರ್ತಾ ಇದೆಯಲ್ಲ," ಎಂದಳು ಬಟ್ಟೆ ಮಡಿಸುತ್ತಿದ್ದ ಹೆಂಡತಿ.

ಷಡ್ಡಕನೆಂದರೆ ಹೆಂಡತಿಯ ತಂಗಿಯ ಗಂಡ. ಲೋಕದ ಬೇರೆ ಸಂಬಂಧಗಳಿಗೆ ಪ್ರೀತಿ, ಭಯ, ಗೌರವ ಅಂತ ಏನಾದರೊಂದು ಆಧಾರವಿರುತ್ತದೆ. ಷಡ್ಡಕ ಸಂಬಂಧಕ್ಕಿರುವ ಏಕೈಕ ಆಧಾರ ಹೋಲಿಕೆ. ಇಬ್ಬರು ಅಳಿಯಂದಿರನ್ನು ಪಕ್ಕಪಕ್ಕ ನಿಲ್ಲಿಸಿ ಅಳೆಯಲು ಹೆಣ್ಣಿನ ಕಡೆಯವರೆಲ್ಲ ಕೈಯಲ್ಲಿ ಟೇಪು ಹಿಡಿದೇ ಓಡಾಡುತ್ತಿರುತ್ತಾರೆ. ಆ ಅಳತೆಯಲ್ಲಿ ಮೇಷ್ಟ್ರು ಯಾವಾಗಲೂ ಒಂದು ಗೇಣು ಕಮ್ಮಿ. ಷಡ್ಡಕನಿಗೆ ಲಿಫ್ಟ್ ಕಂಪನಿಯಲ್ಲಿ ಕೆಲಸ. ಮೇಲೆ ಹೋಗುವುದೇ ಅವನ ಕಸುಬು. ಮೇಷ್ಟ್ರದು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಬ್ರೇಕು ಒತ್ತುವ ಕಸುಬು. ಒತ್ತಿ ಒತ್ತಿ ಅವರ ಬಲಗಾಲು ಎಡಗಾಲಿಗಿಂತ ಉದ್ದವಾಗಿತ್ತು (ದರ್ಜಿಯವನನ್ನು ಕೇಳಿ ನೋಡಿ). ಮನೆಯ ಸೋಫಾದಲ್ಲಿ ಕೂತಿದ್ದಾಗಲೂ ಗಾಬರಿಯಾದರೆ ಆ ಕಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ಅಲ್ಲಿನ ಟೈಲ್ಸೊಂದು ಆಗಲೇ ಬಿರುಕು ಬಿಟ್ಟಿತ್ತು. ಇನ್ನು ಕೂದಲಿನ ವಿಷಯ ಎತ್ತದಿರುವುದೇ ವಾಸಿ. ಷಡ್ಡಕನ ತಲೆಯಲ್ಲಿ ಬಾಚಣಿಗೆ ಕಳೆದುಹೋಗುತ್ತಿತ್ತು. ಮೇಷ್ಟ್ರ ತಲೆಯ ಮೇಲೆ ಕೂತ ನೊಣ ಜಾರಿ ಬಿದ್ದು ಕಾಲು ಮುರಿದುಕೊಳ್ಳುತ್ತಿತ್ತು.

ಇಷ್ಟನ್ನೂ ಮೇಷ್ಟ್ರು ಸಹಿಸಿಕೊಂಡಿದ್ದರು. ಆದರೆ ಷಡ್ಡಕ ತನ್ನ ಮನೆಯಲ್ಲೊಂದು ಗಾಜಿನ ತೊಟ್ಟಿ ಇಟ್ಟು ಚಿನ್ನದ ಬಣ್ಣದ ಮೀನು ಬಿಟ್ಟ. ಅಲ್ಲಿಯವರೆಗೆ ಸ್ವಲ್ಪ ದಿನ ದೊಡ್ಡ ಮಗಳ ಮನೆ, ಸ್ವಲ್ಪ ದಿನ ಚಿಕ್ಕ ಮಗಳ ಮನೆ ಅಂತ ಇರುತ್ತಿದ್ದ ಅತ್ತೆ, "ಈ ಮೀನು ನೋಡ್ತಾ ಕೂತ್ರೆ ಮನಸ್ಸಿಗೆ ಎಷ್ಟು ತಂಪು!" ಎಂದು ಷಡ್ಡಕನ ಮನೆಯಲ್ಲೇ ಝಂಡಾ ಊರಿಬಿಟ್ಟರು. ಬೇರೆ ಯಾವ ಅಳಿಯನಾಗಿದ್ದರೂ ಬೀದಿಗೆಲ್ಲ ಮಿಠಾಯಿ ಹಂಚುತ್ತಿದ್ದ. ಮೇಷ್ಟ್ರು ಮಾತ್ರ ರಾತ್ರಿಯಿಡೀ ಹಾಸಿಗೆಯಲ್ಲಿ ಹೊರಳಾಡಿದರು. ಅತ್ತೆ ಬೇಕಾಗಿದ್ದರು ಅಂತಲ್ಲ. ಅವನಿಗೆ ಸಿಕ್ಕಿಬಿಟ್ಟರಲ್ಲ ಅಂತ.

ಹೀಗೆ ಕುದಿಯುತ್ತಿರುವಾಗಲೇ ಒಂದು ಮದುವೆ ಊಟದಲ್ಲಿ, ಹೆಂಡತಿಯ ಕಡೆಯ ಸಮಸ್ತ ಬಳಗದ ಮುಂದೆ ಮೇಷ್ಟ್ರ ಬಾಯಿ ಬ್ರೇಕು ತಪ್ಪಿತು.

"ಸಿಹಿನೀರಿನ ಮೀನು ಯಾರು ಬೇಕಾದ್ರೂ ಸಾಕ್ತಾರೆ, ಬಕೆಟ್‌ನಲ್ಲೂ ಬದುಕುತ್ತೆ! ಅತ್ತೇ, ನಿಮ್ಮ ಎಂಬತ್ತನೇ ಹುಟ್ಟುಹಬ್ಬ ನಮ್ಮನೇಲಿ. ಅಷ್ಟರಲ್ಲಿ ನಮ್ಮ ಹಾಲ್‌ನಲ್ಲಿ ಸಮುದ್ರ ಇರುತ್ತೆ. ಸಮುದ್ರ! ಉಪ್ಪುನೀರು, ಬಂಡೆ, ಕಿತ್ತಳೆ ಬಣ್ಣದ ಮೀನು, ಎಲ್ಲಾ!"

ಬಳಗ ಚಪ್ಪಾಳೆ ತಟ್ಟಿತು. ಬಲಗಾಲು ಮೇಜಿನ ಕೆಳಗೆ ಒತ್ತಿದ್ದು ಆಮೇಲೆ.

ಸಮುದ್ರ ಬಂತು. ಟಿ.ವಿ. ಇದ್ದ ಜಾಗದಲ್ಲಿ ಶವಪೆಟ್ಟಿಗೆಯಷ್ಟು ಉದ್ದದ ಗಾಜಿನ ತೊಟ್ಟಿ ವಿರಾಜಮಾನವಾಯಿತು, ಟಿ.ವಿ. ಅಡುಗೆಮನೆಯ ಫ್ರಿಜ್ಜಿನ ಮೇಲೆ ವನವಾಸ ಹೋಯಿತು. ಮೂಟೆಗಟ್ಟಲೆ ಉಪ್ಪು ಕರಗಿಸಿದ್ದಾಯಿತು. ಸಮುದ್ರದಿಂದ ತಂದದ್ದೆಂದು ಹೇಳಲಾದ, ತೂತುತೂತಾದ ಬಂಡೆಗಳನ್ನು ಮೇಷ್ಟ್ರು ಒಂದರ ಮೇಲೊಂದು ಪೇರಿಸಿದರು. ಸಿಂಕಿನಲ್ಲಿ ಪೇರಿಸಿಟ್ಟ ಪಾತ್ರೆಗಳ ಹಾಗೆ ಕಾಣುತ್ತದೆ ಎಂದಳು ಹೆಂಡತಿ. ಮೇಷ್ಟ್ರು ಕೈ ಒರೆಸಿಕೊಂಡು ಮೀನು ತರಲು ಹೊರಟರೆ, ಮೀನಿನ ಅಂಗಡಿಯಾಕೆ ಆಕಳಿಸುತ್ತ ಹೇಳಿದಳು: "ಈಗಲೇ ಮೀನಾ? ಬಿಟ್ಟ ದಿನವೇ ಸಾಯುತ್ತೆ. ಮೊದಲು ನೀರು ಪಳಗಬೇಕು."

ನೀರು ಪಳಗುವುದೆಂದರೆ ಏನು? ಒಂದು ಹಸಿ ಸಿಗಡಿಯನ್ನು ಖಾಲಿ ತೊಟ್ಟಿಯಲ್ಲಿ ಬಿಟ್ಟು ಕೊಳೆಸಬೇಕು. ಕೊಳೆತದ್ದು ಅಮೋನಿಯಾ ಎಂಬ ವಿಷವಾಗುತ್ತದೆ. ಆ ವಿಷವನ್ನು ತಿನ್ನುವ ಬ್ಯಾಕ್ಟೀರಿಯಾಗಳು ನಿಧಾನವಾಗಿ ಹುಟ್ಟಿ ಬಂಡೆಗಳಲ್ಲಿ ಬಿಡಾರ ಹೂಡಿ ಅದನ್ನು ಇನ್ನೊಂದು ವಿಷ ಮಾಡುತ್ತವೆ. ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಗಳು ಬಂದು ಆ ವಿಷವನ್ನೂ ತಿಂದು ಹೆಚ್ಚು ಕೇಡು ಮಾಡದ ಪದಾರ್ಥವಾಗಿಸುತ್ತವೆ. ಈ ಸಂಸಾರ ಕುದುರಿದ ಮೇಲೆಯೇ ಮೀನಿನ ಗೃಹಪ್ರವೇಶ. ಅಲ್ಲಿಯವರೆಗೆ ದಿನವೂ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ನಾಲ್ಕು ಹನಿ ಔಷಧಿ ಬಿಟ್ಟು ಬಣ್ಣ ನೋಡಬೇಕು. ಹಳದಿ ಬಂದರೆ ಕ್ಷೇಮ, ಹಸಿರು ಬಂದರೆ ವಿಷ.

ಇಲ್ಲೇ ಮೇಷ್ಟ್ರಿಗೆ ಕಷ್ಟವಾದದ್ದು. ಹಸಿರು ಬಂದರೆ ಹೊರಡಬೇಕೆಂದು ಇಷ್ಟು ವರ್ಷ ಊರಿಗೆಲ್ಲ ಕಲಿಸಿದ ಮನುಷ್ಯ ಈಗ ಹಸಿರು ಕಂಡರೆ ಬೆವರತೊಡಗಿದರು. ಒಂದು ದಿನ ದೊಡ್ಡ ವೃತ್ತದಲ್ಲಿ ಸಿಗ್ನಲ್ಲು ಹಸಿರಾಗುತ್ತಿದ್ದಂತೆ "ಅಯ್ಯೋ, ಇನ್ನೂ ಇಳಿದಿಲ್ಲ!" ಎಂದು ಚೀರಿ ಬ್ರೇಕು ಒತ್ತಿಬಿಟ್ಟರು. ಕಲಿಯುತ್ತಿದ್ದ ಹೆಂಗಸು ಸ್ಟಿಯರಿಂಗ್ ಬಿಟ್ಟು ಕೈಮುಗಿದಳು. ಹಿಂದಿನ ವಾಹನಗಳ ಹಾರನ್ನು ಪಕ್ಕದ ಊರಿನವರೆಗೂ ಕೇಳಿಸಿತು.

ಮನೆಯಲ್ಲಿ ಸಿಗಡಿಯ ವಾಸನೆ ತನ್ನ ಸಾಮ್ರಾಜ್ಯ ವಿಸ್ತರಿಸಿತ್ತು. ನೋಡಲು ಬಂದವರೆಲ್ಲ ಮೂಗು ಮುಚ್ಚಿಕೊಂಡೇ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಮೀನೆಲ್ಲಿ?" ಎಂದಳು ಪಕ್ಕದ ಮನೆಯ ನಿವೃತ್ತ ನರ್ಸಮ್ಮ.

"ಇನ್ನೂ ಬಿಟ್ಟಿಲ್ಲ."

"ಮತ್ತೆ ಇದರೊಳಗೆ ಏನಿದೆ?"

"ಬ್ಯಾಕ್ಟೀರಿಯಾ," ಎಂದರು ಮೇಷ್ಟ್ರು, ಹೆತ್ತ ಮಕ್ಕಳ ಹೆಸರು ಹೇಳುವ ದನಿಯಲ್ಲಿ.

"ಕ್ರಿಮಿ ಸಾಕಿದ್ದೀರಾ? ನಾನು ಜೀವಮಾನವೆಲ್ಲ ಅದನ್ನ ಕೊಂದೇ ಸಂಬಳ ತಗೊಂಡೆ!"

ಹೆಂಡತಿಯ ದೂರು ಬೇರೆಯೇ. "ನಾನು ಕೂದಲು ಅರ್ಧಕ್ಕೆ ಕತ್ತರಿಸಿಕೊಂಡು ಬಂದು ವಾರವಾಯ್ತು, ನಿಮ್ಮ ಕಣ್ಣಿಗೆ ಬೀಳಲಿಲ್ಲ. ಆ ನಳಿಕೆಯಲ್ಲಿ ಹಸಿರು ಕೂದಲೆಳೆಯಷ್ಟು ತಿಳಿಯಾದ್ರೆ ಕಾಣುತ್ತೆ. ಬೆಳಿಗ್ಗೆ ಎದ್ದು ನನ್ನ ಹತ್ರ ಕಾಫಿ ಕೇಳ್ತೀರ, ಆ ಕ್ರಿಮಿಗಳನ್ನ 'ಹೇಗಿದ್ದೀರಪ್ಪಾ' ಅಂತ ಕೇಳ್ತೀರ!"

"ಅವು ಕಷ್ಟಪಟ್ಟು ಕೆಲಸ ಮಾಡ್ತಿವೆ ಕಣೇ."

"ನಾನು ಸಿಗಡಿ ಥರಾ ಬಿದ್ದುಕೊಂಡಿದ್ದೀನಾ?"

ಬಲಗಾಲು ನೆಲ ಒತ್ತಿತು.

ದಿನಗಳು ಕಳೆದವು. ಹಸಿರು ಕಡುಹಸಿರಾಗಿ ಏರಿ, ಆಮೇಲೆ ಇಳಿಯತೊಡಗಿ, ಇನ್ನೇನು ಹಳದಿಗೆ ತಿರುಗಬೇಕು ಅನ್ನುವಷ್ಟರಲ್ಲಿ ಯಾಕೋ ಅಲ್ಲೇ ನಿಂತುಬಿಟ್ಟಿತು. ಸಿಗಡಿ ಬದಲಾಯಿಸಿದರು, ಬೆದರಿಸಿದರು, ತೊಟ್ಟಿಯ ಮುಂದೆ ಕೂತು ಹಾಡಿದರು. ಅಲ್ಲಾಡಲಿಲ್ಲ. ಹುಟ್ಟುಹಬ್ಬ ಮಾತ್ರ ಬ್ರೇಕಿಲ್ಲದ ಲಾರಿಯ ಹಾಗೆ ಹತ್ತಿರ ಬರುತ್ತಿತ್ತು.

ಆಗ ಒಂದು ಮಧ್ಯಾಹ್ನ ಹೆಂಡತಿ ಫೋನಿಟ್ಟು, ಮೊರದಲ್ಲಿ ಕಲ್ಲು ಆರಿಸುವಷ್ಟು ಸಹಜವಾಗಿ ಹೇಳಿದಳು: "ತಂಗಿ ಫೋನ್ ಮಾಡಿದ್ಲು. ಅವರೂ ಉಪ್ಪುನೀರಿನ ತೊಟ್ಟಿ ಇಟ್ಟಿದ್ದಾರಂತೆ, ಒಂದೆರಡು ವಾರದ ಹಿಂದೆ. ನೀರು ಆಗಲೇ ಪಳಗಿ ನಿನ್ನೆ ಮೀನೂ ಬಿಟ್ಟರಂತೆ. ಕಿತ್ತಳೆ ಬಣ್ಣದ್ದು."

ಟೈಲ್ಸು ಎರಡು ಹೋಳಾಯಿತು.

"ನಿನ್ನೆ? ಮೀನು? ನನಗಿಂತ ತಡವಾಗಿ ಶುರುಮಾಡಿ?" ಮೇಷ್ಟ್ರ ಬೋಳುತಲೆ ಸಿಗ್ನಲ್ ದೀಪದ ಹಾಗೆ ಮೊದಲು ಹಳದಿಯಾಗಿ ಆಮೇಲೆ ಕೆಂಪಾಯಿತು. "ನನ್ನ ಬ್ಯಾಕ್ಟೀರಿಯಾ ಇಲ್ಲಿ ಆಮೆಯ ಹಾಗೆ ತೆವಳ್ತಾ ಇದ್ರೆ, ಅವನ ಬ್ಯಾಕ್ಟೀರಿಯಾ ಲಿಫ್ಟ್ ಹತ್ತಿ ಹೋಯ್ತಾ?"

"ನಿಮಗೆ ಹೊಟ್ಟೆಕಿಚ್ಚಿಲ್ಲವಲ್ಲ. ಸಂತೋಷ ಪಡಿ."

"ಪಡ್ತಾ ಇದ್ದೀನಿ! ಕಾಣಲ್ವಾ!" ಎಂದು ಮೇಷ್ಟ್ರು ಕೂಗಿದ ರಭಸಕ್ಕೆ ಫ್ರಿಜ್ಜಿನ ಮೇಲಿನ ಟಿ.ವಿ. ತಾನಾಗಿ ಆರಿತು.

ಅನ್ನ ಸೇರಲಿಲ್ಲ. ಕೊನೆಗೆ ಮೀನಂಗಡಿಗೆ ಓಡಿದಾಗ ಆಕೆ ಆಕಳಿಕೆಯ ನಡುವೆ ಉಪಾಯ ಹೇಳಿದಳು: ಪಳಗಿದ ತೊಟ್ಟಿಯ ಒಂದು ಬಂಡೆ ತಂದು ಹಾಕಿದರೆ ಅದರೊಳಗಿನ ಬ್ಯಾಕ್ಟೀರಿಯಾ ಇಲ್ಲೂ ಹರಡಿ ಕೆಲಸ ಬೇಗ ಆಗುತ್ತದೆ.

ಅಂಗಡಿಯ ಬಂಡೆ ಮಾರಾಟಕ್ಕಿರಲಿಲ್ಲ. ಊರಿನಲ್ಲಿ ಇನ್ನು ಪಳಗಿದ ಬಂಡೆ ಇದ್ದದ್ದು ಒಂದೇ ಮನೆಯಲ್ಲಿ.

"ಅದಕ್ಕೇನಂತೆ, ಫೋನ್ ಮಾಡಿ ಕೇಳಿ," ಎಂದಳು ಹೆಂಡತಿ. "ಒಂದೇನು, ನಾಲ್ಕು ಕೊಡ್ತಾರೆ. ಅಷ್ಟಕ್ಕೂ..." ಎಂದು ಏನೋ ಹೇಳಹೊರಟವಳು ಬಾಯಿ ಮುಚ್ಚಿಕೊಂಡಳು.

"ನಾನು? ಅವನ ಹತ್ರ? ಕಲ್ಲು ಬೇಡೋದಾ?" ಎಂದರು ಮೇಷ್ಟ್ರು. "ಬೇಕಾದ್ರೆ ಆ ತೊಟ್ಟಿಯೊಳಗೆ ನಾನೇ ಇಳಿದು ಮೀನಿನ ಹಾಗೆ ಈಜ್ತೀನಿ. ಕೇಳಲ್ಲ!"

ಆದರೂ ಭಾನುವಾರ ಅತ್ತೆಯನ್ನು ನೋಡುವ ನೆಪದಲ್ಲಿ ಇಬ್ಬರೂ ಷಡ್ಡಕನ ಮನೆಗೆ ಹೋದರು.

ಕಿತ್ತಳೆ ಮೀನುಗಳು ಹೊಸ ಮದುಮಕ್ಕಳ ಹಾಗೆ ಜೊತೆಜೊತೆಯಾಗಿ ಸುಳಿದಾಡುತ್ತಿದ್ದವು. ಎದುರಿಗೇ ಕುರ್ಚಿ ಹಾಕಿಕೊಂಡು ಅತ್ತೆ ಕೂತಿದ್ದರು. ಷಡ್ಡಕ ಎರಡೂ ಕೈ ಚಾಚಿ ಬಂದ. "ಬನ್ನಿ ಅಣ್ಣಾ! ಎಲ್ಲಾ ನಿಮ್ಮಿಂದಲೇ ಕಲಿತದ್ದು. ಆದ್ರೆ ನೋಡಿ, ಯಾಕೋ ನನ್ನ ಕೈಗೆ ನೀರು ಬೇಗ ಪಳಗಿಬಿಡ್ತು!" ಒಬ್ಬ ಮನುಷ್ಯ ಸೊಕ್ಕಿನಿಂದ ಹೀಗಂದರೆ ಜಗಳವಾಡಬಹುದು. ಅಕ್ಕರೆಯಿಂದ ಅಂದರೆ ಏನು ಮಾಡುವುದು? ಮೇಷ್ಟ್ರು ಹಲ್ಲು ಕಿಸಿದರು. ಅದನ್ನು ದೂರದಿಂದ ನೋಡಿದವರು ನಗು ಅಂದುಕೊಳ್ಳಬಹುದಿತ್ತು.

ಅಕ್ಕತಂಗಿಯರು ಕಾಫಿಗೆಂದು ಒಳಗೆ ಹೋದರು. ಷಡ್ಡಕ ಕಾಫಿಪುಡಿಯ ಡಬ್ಬ ಇಳಿಸಿಕೊಡಲು ಹೋದ (ಅದೂ ಎತ್ತರದಲ್ಲೇ ಇತ್ತು). ಅತ್ತೆಗೆ ಕುರ್ಚಿಯಲ್ಲೇ ಜೊಂಪು ಹತ್ತಿತು. ಮೇಷ್ಟ್ರು ಎಡಬಲದ ಕನ್ನಡಿ ನೋಡುವವರ ಹಾಗೆ ಎರಡೂ ಕಡೆ ನೋಡಿ, ತೋಳು ಮಡಿಸಿ, ಕೈ ಇಳಿಸಿ, ಮೂಲೆಯಲ್ಲಿದ್ದ ಮುಷ್ಟಿಗಾತ್ರದ ಬಂಡೆಯೊಂದನ್ನು ಎತ್ತಿ ಪ್ಯಾಂಟಿನ ಬಲಜೇಬಿಗೆ ತುರುಕಿದರು. ಸೋಫಾಕ್ಕೆ ಬಂದು ಕಾಲಮೇಲೆ ಕಾಲು ಹಾಕಿ ಕೂತರು. ಹೃದಯ ನಾಲ್ಕನೇ ಗೇರಿನಲ್ಲಿ ಓಡುತ್ತಿತ್ತು.

ಕಾಫಿ ಬಂತು. ಷಡ್ಡಕ ಎದುರು ಕೂತು ಹೇಳಿದ: "ಅಂದಹಾಗೆ ಅಣ್ಣಾ, ಒಂದು ಮಜಾ ಹೇಳಲೇ ಇಲ್ಲ. ಮೂಲೆಯ ಬಂಡೆಯೊಳಗೆ ಒಂದು ಏಡಿ ಸೇರ್ಕೊಂಡಿದೆ. ಒಂದು ಕೊಂಡಿ ದೊಡ್ಡದು, ಒಂದು ಚಿಕ್ಕದು. ಅತ್ತೆ ಅದಕ್ಕೆ ವಾಚ್‌ಮನ್ ಅಂತ ಹೆಸರಿಟ್ಟಿದ್ದಾರೆ. ಬಲು ನಾಚಿಕೆ ಸ್ವಭಾವ. ಆದ್ರೆ ಹಿಡೀತು ಅಂದ್ರೆ ಬಿಡಲ್ಲ!"

ವಾಚ್‌ಮನ್ ಅದೇ ಕ್ಷಣ ಡ್ಯೂಟಿಗೆ ಹಾಜರಾದ.

"ಹಾಂ!" ಎಂದು ಮೇಷ್ಟ್ರು ಗೇಣುದ್ದ ಎಗರಿದರು.

"ಏನಾಯ್ತು ಭಾವ?" ಎಂದಳು ನಾದಿನಿ.

"ಏ... ಏನಿಲ್ಲ. ಆಶ್ಚರ್ಯ ಆಯ್ತು. ಏಡಿ ಅಂದ್ರೆ... ಆಹಾ! ಹಾಂ!"

ಎಚ್ಚರಗೊಂಡ ಅತ್ತೆಯ ಕಣ್ಣು ಅಷ್ಟರಲ್ಲಿ ಬೇರೆ ಕಡೆ ಹೋಗಿತ್ತು. ಮೇಷ್ಟ್ರ ಬಲತೊಡೆಯಿಂದ ಇಳಿದ ನೀರು ಸೋಫಾದ ಅಂಚು ದಾಟಿ, ನೆಲದ ಮೇಲೆ ಸಣ್ಣ ಕೊಳವಾಗಿ ನಿಂತು, ಕಾಫಿ ಮೇಜಿನ ಕಡೆ ನಿಧಾನವಾಗಿ ಪ್ರಯಾಣ ಬೆಳೆಸಿತ್ತು.

ಎಲ್ಲರ ಕಣ್ಣೂ ಆ ಕೊಳದ ಮೇಲೆ ನೆಟ್ಟವು.

"ಅಳಿಯಂದಿರೇ," ಎಂದರು ಅತ್ತೆ ಮೃದುವಾಗಿ, "ಇದು ಎಷ್ಟು ದಿನದಿಂದ?"

ಮೇಷ್ಟ್ರ ಮುಂದೆ ಎರಡು ದಾರಿಗಳಿದ್ದವು. ಒಂದು, ಷಡ್ಡಕನ ಬಂಡೆ ಕದ್ದೆ ಎಂದು ಒಪ್ಪಿಕೊಳ್ಳುವುದು. ಇನ್ನೊಂದು, ಇದು. ಅವರು ಇಂಡಿಕೇಟರು ಕೂಡ ಹಾಕದೆ ಎರಡನೆಯ ದಾರಿಗೆ ತಿರುಗಿದರು.

"ಸ್ವಲ್ಪ... ದಿನದಿಂದ."

"ನೋವೂ ಇದೆಯಾ?"

"ಹಾಂ! ಇದೆ. ಬಂದು ಬಂದು... ಹಾಂ! ಹೋಗುತ್ತೆ."

ಷಡ್ಡಕ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು. "ಸಂಕೋಚ ಬೇಡ ಅಣ್ಣಾ. ನಮ್ಮ ಕಂಪನಿಯ ಒಬ್ಬರಿಗೂ ಹೀಗೇ ಆಗಿತ್ತು, ಲಿಫ್ಟ್ ಒಳಗೇ. ಒಳ್ಳೆ ಡಾಕ್ಟರಿದ್ದಾರೆ, ನಾನೇ ಕರ್ಕೊಂಡು ಹೋಗ್ತೀನಿ." ನಾದಿನಿ ನೆಲ ಒರೆಸಿದಳು. ಮೇಷ್ಟ್ರ ಹೆಂಡತಿ ಮಾತ್ರ ಗಂಡನ ಜೇಬಿನ ಉಬ್ಬನ್ನೇ ನೋಡುತ್ತ ಕಾಫಿ ಕುಡಿಯುತ್ತಿದ್ದಳು.

ಮನೆಗೆ ಬಂದು ಬಂಡೆಯನ್ನು ತೊಟ್ಟಿಗಿಳಿಸಿದಾಗ ಒಂದು ವಿಚಿತ್ರ ನಡೆಯಿತು. ಬಂಡೆಗಳ ರಾಶಿಯ ಹಿಂದೆ ಯಾವಾಗಿನಿಂದಲೋ ಒಂದು ಸಂದಿ ಬಿಟ್ಟುಕೊಂಡಿತ್ತು. ಕುಸಿದಿರಬೇಕೆಂದು ಮೇಷ್ಟ್ರು ಸುಮ್ಮನಿದ್ದರು. ಷಡ್ಡಕನ ಬಂಡೆ ಆ ಸಂದಿಯಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. "ನೋಡಿದ್ಯಾ, ನ್ಯಾಯದ ವಸ್ತು ನ್ಯಾಯದ ಜಾಗಕ್ಕೆ ಬಂದು ಸೇರ್ತು," ಎಂದರು ಮೇಷ್ಟ್ರು, ಕಳ್ಳತನದ ಆಯಾಸದಿಂದ ಬೆವರೊರೆಸಿಕೊಳ್ಳುತ್ತ.

"ನಿಜ," ಎಂದಳು ಹೆಂಡತಿ. ಏಡಿ ಎಲ್ಲೂ ಕಾಣಲಿಲ್ಲ. ದಾರಿಯಲ್ಲೇ ಉದುರಿರಬೇಕೆಂದು ಮೇಷ್ಟ್ರು ತೊಡೆ ಸವರಿಕೊಂಡು ಸಮಾಧಾನಪಟ್ಟರು.

ಅಂದಿನಿಂದ ನಳಿಕೆಯ ಹಸಿರು ಮತ್ತೆ ಇಳಿಯತೊಡಗಿತು. ಆದರೆ ಹುಟ್ಟುಹಬ್ಬದ ಬೆಳಿಗ್ಗೆ ನೋಡಿದರೆ ಹಳದಿಯಲ್ಲಿ ಇನ್ನೂ ಒಂದು ಹನಿ ಹಸಿರು ಬಾಕಿ. ಮೀನು ಬಿಟ್ಟರೆ ಬಳಗದ ಮುಂದೆಯೇ ಅಂಗಾತ ತೇಲುವುದು ಖಂಡಿತ. ಬಿಡದಿದ್ದರೆ ಮೇಷ್ಟ್ರೇ ತೇಲಬೇಕು. ಎಷ್ಟು ದುರಾಸೆಯಾದರೂ ಹಸಿರಿನಲ್ಲಿ ಬಿಡಲು ಕಾಲು ಬರಲಿಲ್ಲ. ಬ್ರೇಕು ಒತ್ತಿಯೇ ಬದುಕಿದ ಕಾಲು ಅದು.

ಬಳಗ ಬಂತು. ಬಂದವರು ತೊಟ್ಟಿಯ ಕಡೆ ನೋಡಲೇ ಇಲ್ಲ. ಎಲ್ಲರೂ ಮೇಷ್ಟ್ರನ್ನು ಸುತ್ತುವರಿದು, ಸತ್ತವರ ಮನೆಯ ದನಿಯಲ್ಲಿ, "ಹೇಗಿದೆ ಈಗ?" ಎನ್ನತೊಡಗಿದರು. ಹೆಂಡತಿಯ ಸೋದರಮಾವ ಒಂದು ರಬ್ಬರ್ ಹಾಸು ತಂದಿದ್ದ. ದೊಡ್ಡಮ್ಮ ಕಷಾಯದ ಸೀಸೆ ಕೊಟ್ಟರು. ನರ್ಸಮ್ಮ ಎಲ್ಲರೆದುರೇ, "ನಾಚ್ಕೋಬೇಡಿ, ಈ ವಯಸ್ಸಿನಲ್ಲಿ ವಾಷರು ಸಡಿಲ ಆಗುತ್ತೆ," ಎಂದು ಅಭಯ ನೀಡಿದಳು. ಷಡ್ಡಕ ಡಾಕ್ಟರ ಸಮಯವನ್ನೇ ಗೊತ್ತು ಮಾಡಿಕೊಂಡು ಬಂದಿದ್ದ.

ಅಷ್ಟರಲ್ಲಿ ತೊಟ್ಟಿಯ ಮುಂದೆ ಕೂತಿದ್ದ ಅತ್ತೆ ಕೂಗಿದರು: "ಅಯ್ಯೋ, ಇಲ್ಲಿ ನೋಡ್ರೋ!"

ಬಂಡೆಯ ತೂತಿನಿಂದ ಒಂದು ಏಡಿ ಠೀವಿಯಿಂದ ಹೊರಬಂದು, ಮರಳಿನ ಮೇಲೆ ನಿಂತು, ಒಂದು ಕೈಯೆತ್ತಿ ಬಳಗಕ್ಕೆಲ್ಲ ಸಲಾಮು ಹೊಡೆಯುತ್ತಿತ್ತು. ಬಳಗ ಹೋ ಎಂದಿತು. ಚಪ್ಪಾಳೆ ಬಿತ್ತು. ಮೇಷ್ಟ್ರ ಎದೆ ತೊಟ್ಟಿಯಷ್ಟು ಅಗಲವಾಯಿತು. ಆ ಕ್ಷಣದಲ್ಲಿ ಅವರಿಗೆ ತೊಡೆಯ ನೋವೂ ಮರೆಯಿತು, ಏಡಿಯ ಮೂಲವೂ ಮರೆಯಿತು.

"ಹೇಳಿರಲಿಲ್ವಾ ಸಮುದ್ರ ಅಂತ? ಇದಕ್ಕೆಲ್ಲ ತಾಳ್ಮೆ ಬೇಕು ಷಡ್ಡಕರೇ, ತಾಳ್ಮೆ! ಇಂಥ ಪ್ರಾಣಿ ಸುಮ್ಮನೆ ಯಾರ ಮನೆಗೂ ಬರಲ್ಲ."

"ಒಂದು ಕೊಂಡಿ ದೊಡ್ಡದು, ಒಂದು ಚಿಕ್ಕದು," ಎಂದರು ಅತ್ತೆ, ಗಾಜಿಗೆ ಮೂಗು ತಾಗಿಸಿ. "ಅರೆ! ಇವನು ನಮ್ಮ ವಾಚ್‌ಮನ್ ಅಲ್ವಾ? ಆ ಭಾನುವಾರದಿಂದ ಕಾಣ್ತಿಲ್ಲ ಅಂತ ಹುಡುಕ್ತಾ ಇದ್ವಿ. ಇಲ್ಲಿಗೆ ಹೇಗೆ ಬಂದ?"

ಬಳಗದ ತಲೆಗಳು ಒಟ್ಟಿಗೆ ತೊಟ್ಟಿಯಿಂದ ಮೇಷ್ಟ್ರ ಮುಖಕ್ಕೆ, ಅಲ್ಲಿಂದ ಅವರ ಪ್ಯಾಂಟಿನ ಬಲಜೇಬಿಗೆ ತಿರುಗಿದವು. ಷಡ್ಡಕ ಬಗ್ಗಿ ನೋಡಿ, "ಬಂಡೆನೂ ನಮ್ಮದೇ," ಎಂದ ಮೆಲ್ಲಗೆ. ಸೋದರಮಾವ ರಬ್ಬರ್ ಹಾಸನ್ನು ಸದ್ದಿಲ್ಲದೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ನನಗೆ ಕಾಯಿಲೆ," ಎಂದರು ಮೇಷ್ಟ್ರು. ಅವರ ದನಿ ಸಿಗಡಿಯಷ್ಟಾಗಿತ್ತು.

ಹೆಂಡತಿ ತಂಗಿಯ ಮುಖ ನೋಡಿದಳು. ತಂಗಿ ಅಕ್ಕನ ಮುಖ ನೋಡಿ, "ಹೇಳಿಬಿಡಕ್ಕಾ," ಎಂದಳು.

"ಬಂಡೆ ನಿಮ್ಮದಲ್ಲಪ್ಪ, ನಮ್ಮದೇ," ಎಂದಳು ಹೆಂಡತಿ ಷಡ್ಡಕನಿಗೆ. "ನಮ್ಮನೇಲಿ ಸಮುದ್ರ ಬಂದಾಗಿನಿಂದ ನಿಮಗೆ ಊಟ ಸೇರ್ತಿಲ್ಲ, ಬರೀ ಒದ್ದಾಟ ಅಂತ ಇವಳು ಅತ್ತಳು. ನೀವೂ ತೊಟ್ಟಿ ಇಟ್ಟಾಗ, ಬೇಗ ಪಳಗಲಿ ಅಂತ ನಾನೇ ಹಿಂದಿನ ಸಾಲಿನ ಬಂಡೆ ತೆಗೆದು ಕೊಟ್ಟೆ. ಇವಳು ನಿಮಗೆ ಹೇಳದೆ ನಿಮ್ಮ ತೊಟ್ಟಿಗೆ ಹಾಕಿದ್ಲು. ಏಡಿ ಅದರೊಳಗೇ ಮೊದಲಿಂದ ಇದ್ದಿರಬೇಕು."

ಷಡ್ಡಕನ ಮುಖ ಕರೆಂಟು ಹೋದ ಲಿಫ್ಟಿನ ಹಾಗೆ ಎರಡು ಅಂತಸ್ತಿನ ನಡುವೆ ನಿಂತಿತು. "ಹಾಗಾದ್ರೆ... ನನ್ನ ಕೈಗುಣ ಅಲ್ವಾ ಅದು?"

ಮೇಷ್ಟ್ರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ತಮ್ಮ ನೀರು ನಿಂತಲ್ಲೇ ನಿಂತದ್ದು ಅದಕ್ಕೇ! ಇಷ್ಟು ದಿನ ತಾವು ಕರುಬಿದ್ದು ತಮ್ಮದೇ ಬ್ಯಾಕ್ಟೀರಿಯಾ ಮೇಲೆ! ಅರ್ಥವಾದದ್ದೇ ಸೋಫಾದಿಂದ ಚಿಮ್ಮಿದರು.

"ಕೇಳಿದ್ರಾ ಎಲ್ಲರೂ? ಬಂಡೆ ನಂದು! ಬ್ಯಾಕ್ಟೀರಿಯಾ ನಂದು! ಏಡಿ ನಂದು! ನಾನು ಕದ್ದಿದ್ದು ನನ್ನ ಸ್ವಂತ ಕಲ್ಲನ್ನ! ಕಾಯಿಲೆನೂ ಇಲ್ಲ, ಏನೂ ಇಲ್ಲ. ಆವತ್ತು ಒದ್ದೆಯಾದದ್ದು ಬರೀ ಜೇಬು!"

ಕೈಯೆತ್ತಿಕೊಂಡು ನಿಂತ ಮೇಲೆ ತಾವು ಏನು ಹೇಳಿದೆವೆಂಬುದು ಅವರಿಗೆ ಕೇಳಿಸಿತು. ಬಲಗಾಲು ನೆಲ ಒತ್ತಿತು. ಒತ್ತಲು ಅಲ್ಲಿ ಟೈಲ್ಸು ಉಳಿದಿರಲಿಲ್ಲ. ತೊಟ್ಟಿಯಲ್ಲಿ ಏಡಿ ಕೂಡ ಎತ್ತಿದ ಕೈ ಇಳಿಸಿ ತೂತಿನೊಳಗೆ ಹೋಯಿತು.

ಹೆಂಡತಿ ಹೊಸದಾಗಿ ಕತ್ತರಿಸಿದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡು, ಸಾವಧಾನವಾಗಿ ಹೇಳಿದಳು:

"ಹೊಟ್ಟೆಕಿಚ್ಚು ಮೈಯಲ್ಲಿ ಎಲ್ಲೂ ಇಲ್ಲ, ಹುಡುಕಿ ನೋಡು ಅಂದಿದ್ರಲ್ಲ. ನಿಜವೇ ಕಣ್ರೀ. ತಲೆಯಿಂದ ಕಾಲಿನವರೆಗೆ ಹುಡುಕಿದೆ. ಮೈಯಲ್ಲಿ ಎಲ್ಲೂ ಸಿಗಲಿಲ್ಲ, ಇದ್ದದ್ದು ಬರೀ ಜೇಬಿನಲ್ಲಿ."